ಹದಿಮೂರನೆಯ ನೋಟ

ನಿನ್ನೆ ನಡುರಾತ್ರಿ ನಮ್ಮ ಗಂಟೆ
ಹದಿಮೂರು ಹೊಡೆಯಿತು.

ಹೀಯುಮಾ ದ್ವೀಪದಲ್ಲಿ ಡಿಸೆಂಬರ್ ಎಂದರೆ
ಮೂರೂವರೆಗೇ ಕತ್ತಲು. ಹೊತ್ತು ತಿಳಿಯುವುದು ಕಿವಿಯಿಂದ.
ಹೊತ್ತಿಗೂ ಕಂಚಿಗೂ ನಮ್ಮಲ್ಲಿ ಒಂದೇ ಮಾತು: ಗಂಟೆ.
ಬೆಳಿಗ್ಗೆ ಅಂಗಡಿಯಲ್ಲಿ ಬಲೆ ಹೆಣೆಯುವ ಮಾನಿವಾಲ್ಡ್ ಕೇಳಿದ:
"ಹೆಲ್ಯೊ, ಆ ಕೊಸರು ಯಾರ ಲೆಕ್ಕಕ್ಕೆ?"

ನಿಜ ಹೇಳಬೇಕೆಂದರೆ ನಿನ್ನೆ ಇಡೀ ದಿನ
ಒಂದೊಂದು ಹೆಚ್ಚೇ ಹೊಡೆದಿತ್ತು.
ಹತ್ತು ಹನ್ನೊಂದಾದರೆ ಜನ
ತಮ್ಮ ಗೋಡೆಯ ಗಡಿಯಾರವನ್ನೇ ಬೈಯುತ್ತಾರೆ.
ಹದಿಮೂರಕ್ಕೆ ಮಾತ್ರ ಕ್ಷಮೆಯಿಲ್ಲ.

ಅಪ್ಪ ನಲವತ್ತು ವರ್ಷ ಹಗ್ಗ ಎಳೆದ, ನಾನು ಇಪ್ಪತ್ತೆರಡು.
ಈಗ ಹಗ್ಗವಿಲ್ಲ. ಒಂದು ಮೋಟರು, ಒಂದು ಸುತ್ತಿಗೆ,
ಬೆಂಕಿಪೊಟ್ಟಣದಷ್ಟು ಹಸಿರು ಹಲಗೆ,
ಅದರೊಳಗೆ ಎಲೆಕ್ಟ್ರಿಷಿಯನ್ ರೈಗೊ
ಸಿ ಭಾಷೆಯಲ್ಲಿ ಬರೆದಿಟ್ಟುಹೋದ ನಾಲ್ಕು ಸಾಲು.
ಅವನಿಗೆ ಫೋನು ಮಾಡಬಹುದಿತ್ತು.
ಮಾಡಲಿಲ್ಲ. ಗಂಟೆ ನನ್ನದು, ಎಣಿಕೆ ನನ್ನದು.

ಕನ್ನಡಕ ಒರೆಸಿಕೊಂಡು ಕೂತೆ.
ಫಾರ್. ಪಕ್ಕದಲ್ಲೊಂದು ಆವರಣ.
ಒಳಗೆ ಮೂರು ಕೋಣೆ, ನಡುವೆ ಅರ್ಧವಿರಾಮದ ಎರಡು ಗೋಡೆ.
ಮೊದಲ ಕೋಣೆಯಲ್ಲಿ: ಐ ಈಗ ಸೊನ್ನೆ.
ಎರಡನೆಯದರಲ್ಲಿ: ಐ ಹನ್ನೆರಡಕ್ಕಿಂತ ಕಡಿಮೆಯೋ, ಇಲ್ಲಾ ಸಮವೋ?
ಮೂರನೆಯದರಲ್ಲಿ: ಐಗೆ ಒಂದು ಕೂಡು.
ಕೆಳಗೆ ಪುಷ್ಪಾವರಣದ ಮಡಿಲಲ್ಲಿ ಒಂದೇ ಮಾತು: ಹೊಡೆ.

ಬೈಬಲ್ ಓದುವ ಹಾಗೆ ಎಡದಿಂದ ಬಲಕ್ಕೆ ಓದಿದೆ.
ಇಡು, ಕೇಳು, ಕೂಡು, ಹೊಡೆ.
ಮತ್ತೆ ಇಡು?
ಪ್ರತಿ ಸಲವೂ ಸೊನ್ನೆಗೇ ಇಳಿದರೆ
ಐ ಬೆಳೆಯುವುದು ಎಂದಿಗೆ?
ಗಂಟೆ ಪ್ರಳಯದವರೆಗೂ ಬಡಿದುಕೊಂಡೀತು.
ಹಾಗಾದರೆ ಮೊದಲ ಕೋಣೆಗೆ ಒಂದೇ ಪ್ರವೇಶ.
ಮೂರನೆಯದೋ, ಹೊಡೆತಕ್ಕಿಂತ ಮುಂಚೆ ಬರೆದದ್ದು,
ಹೊಡೆತ ಮುಗಿದ ಮೇಲೆ ನಡೆಯುವುದು.
ಇದೆಂಥ ಮನೆ ಕಟ್ಟಿದರಪ್ಪ, ಕದ ಒಂದು ಕಡೆ, ದಾರಿ ಇನ್ನೊಂದು ಕಡೆ
ಎಂದು ಗೊಣಗುತ್ತಾ ಕೋಟಿನ ಜೇಬಿಗೆ ಕೈ ಇಳಿಬಿಟ್ಟೆ.

ಆಗ ಕೈಗೆ ನೆನಪಾಯಿತು, ನನಗಿಂತ ಮೊದಲು.

ಅಪ್ಪನ ಎಡಜೇಬಿನಲ್ಲಿ ಒಣ ಬಟಾಣಿ,
ಎಷ್ಟು ಹೊತ್ತೋ ಅಷ್ಟು ಕಾಳು.
ತುಂಬಿಕೊಳ್ಳುವುದು ಒಂದೇ ಸಲ, ಮೆಟ್ಟಿಲ ಬುಡದಲ್ಲಿ.
ಮೇಲೆ ಹೋಗಿ ಜೇಬು ತಡಕುತ್ತಿದ್ದ: ಇದೆಯೇ?
ಇದ್ದರೆ ಎಳೆತ. ಕಂಚು ನಡುಗಿ ಸುಮ್ಮನಾದ ಮೇಲೆ
ಒಂದು ಕಾಳು ಬಲಜೇಬಿಗೆ.
ಮತ್ತೆ ತಡಕು.
ನಡುರಾತ್ರಿಗೆ ಹನ್ನೆರಡು ಎಳೆತ, ಹದಿಮೂರು ತಡಕಾಟ.
ಕೊನೆಯದರಲ್ಲಿ ಬೆರಳಿಗೆ ಸಿಗುವುದು ಬರೀ ಹೊಲಿಗೆ.
ಆಗ ಹಗ್ಗ ಬಿಟ್ಟು ಇಳಿದು ಬರುತ್ತಿದ್ದ.

ರೈಗೊ, ಮಗೂ,
ಖಾಲಿ ಜೇಬಿನ ಆ ನೋಟವನ್ನೂ ನೀನು ಹೊಡೆತವಾಗಿಸಿದ್ದೆ.
ಸೊನ್ನೆಯೂ ಒಂದು ಕಾಳು ಎಂಬುದು ಮರೆತಿತ್ತು.

'ಸಮ'ದ ಗುರುತು ಅಳಿಸಿದೆ.
ಅಳಿಸುವ ಗಾಬರಿಯಲ್ಲಿ ಆವರಣದ ಬೆನ್ನಿಗೆ
ಇನ್ನೊಂದು ಅರ್ಧವಿರಾಮ ಉದುರಿದ್ದು ಕಾಣಲಿಲ್ಲ.
ಸಂಜೆ ಆರಕ್ಕೆ ಗಂಟೆ ಒಂದೇ ಒಂದು ಹೊಡೆಯಿತು!
ಎಲ್ಲ ಸುತ್ತೂ ಒಳಗೊಳಗೇ ಬರಿಗೈಯಲ್ಲಿ ತಿರುಗಿ,
ಕೊನೆಗೆ ನೆನಪಾದಂತೆ ಒಂದು ಏಟು.
ಚುಕ್ಕೆ ಇಟ್ಟ ಚಿಕ್ಕ ಬಾಲ,
ನನ್ನ ಮರ್ಯಾದೆ ಅಷ್ಟಕ್ಕೇ ಹೋಯಿತು.
ಅದನ್ನೂ ಕಿತ್ತೆ.

ಈಗ ನಡುರಾತ್ರಿ. ಗೋಪುರದ ಬುಡದಲ್ಲಿ ನಿಂತಿದ್ದೇನೆ,
ಉಸಿರು ಹೆಪ್ಪುಗಟ್ಟುವಷ್ಟು ಚಳಿ,
ಎಡಜೇಬಿನಲ್ಲಿ ಹನ್ನೆರಡು ಬಟಾಣಿ.
ಅದು ಹೊಡೆದಂತೆಲ್ಲ ನಾನು ಒಂದೊಂದೇ ದಾಟಿಸುತ್ತೇನೆ.
ಹತ್ತು. ಹನ್ನೊಂದು.
ಹನ್ನೆರಡು.

ಮೇಲೆ ಐ ಹನ್ನೆರಡಾಗಿ ನಿಂತಿದೆ,
ಸುತ್ತಿಗೆ ಎಂದೂ ಕಾಣದ ಹನ್ನೆರಡು.
ಕೇಳುತ್ತಿದೆ: ಕಡಿಮೆಯೇ?
ಕೆಳಗೆ ನನ್ನ ಬೆರಳೂ ಹೊಲಿಗೆ ತಡಕುತ್ತಿದೆ.

ಮಾನಿವಾಲ್ಡನ ಕಿಟಕಿಯಲ್ಲಿ ದೀಪ ಇನ್ನೂ ಇದೆ.
ಅವನೂ ಕಿವಿಗೊಟ್ಟು ಕಾಯುತ್ತಿರಬೇಕು,
ಬಾರದ ಒಂದಕ್ಕೆ.